ಕೇಳಿದ್ದೀರಿ, ಉತ್ತರಿಸಿದ್ದೇವೆ: ಕಜಕ್ ಫೆಲ್ಟ್, ಟಗರುಕೊಂಬಿನ ಚಿತ್ತಾರ, ಇವತ್ತಿನ ಕಲೆ

ಕಜಕಸ್ತಾನದ ಅಲಂಕಾರ ಕಲೆಗಳ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಬಾರಿಯ ಅಂಕಣ ಮೀಸಲು. ಚಾಕು, ಸೂಜಿ ಹಿಡಿದು ಕೂತವರ ಪ್ರಶ್ನೆಗಳೇ ಹೆಚ್ಚಿದ್ದವು. ಅವಕ್ಕೆ ಕೊಟ್ಟ ಉತ್ತರವೂ ಉದ್ದವಾಗಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿಕೊಂಡಿದ್ದೇವೆ.

ಪ್ರಶ್ನೆ: ಕಜಕಸ್ತಾನದ ಬಾವುಟದಿಂದ ಹಿಡಿದು ನೆಲಹಾಸಿನವರೆಗೆ ಎಲ್ಲೆಲ್ಲೂ ಅದೇ ಜೋಡಿ ಸುರುಳಿ. ಅವರ ಚಿತ್ತಾರವೆಂದರೆ ಇಷ್ಟೇನಾ?

ಅಲ್ಲ. ಆ ಜೋಡಿ ಸುರುಳಿ ಟಗರಿನ ಕೊಂಬು. ಕಜಕರು ಅದನ್ನು ಕೊಶ್ಕರ್ ಮುಯಿಜ್ ಅನ್ನುತ್ತಾರೆ. 1992ರಲ್ಲಿ ಒಪ್ಪಿಕೊಂಡ ಬಾವುಟದಲ್ಲಿ, ಕಂಬದ ಬದಿಯ ಚಿನ್ನದ ಬಣ್ಣದ ಪಟ್ಟಿಯಲ್ಲಿರುವುದೂ ಅದೇ. ಕೊಂಬಿನ ಬಳಗದಲ್ಲೇ ಒಂಟಿ ಕೊಂಬು, ಕವಲೊಡೆದ ಕೊಂಬು, ಒತ್ತೊತ್ತಾಗಿ ತುಂಬಿದ 'ನಲವತ್ತು ಕೊಂಬು' ಎಂದು ಹಲವು ಬಗೆ. ಅದರಾಚೆ ಒಂಟೆಯ ಹೆಜ್ಜೆ, ಒಂಟೆಮರಿಯ ಕಣ್ಣು, ಹಕ್ಕಿಯ ರೆಕ್ಕೆ, ಹಕ್ಕಿಯ ಕೊಕ್ಕು, ನಾಯಿಬಾಲ, ಅಂಕುಡೊಂಕಾಗಿ ಓಡುವ ನೀರಿನ ಗೆರೆ ಇವೆ. ಮಂದೆಯ ಹಿಂದೆ ಹುಲ್ಲುಗಾವಲು ಸುತ್ತಿದವರ ಕಣ್ಣಿಗೆ ದಿನವೂ ಬೀಳುತ್ತಿದ್ದವೇ ಇವೆಲ್ಲ.

ಹೆಸರಿಗಿಂತ ಮೊದಲು ನೋಡಬೇಕಾದದ್ದು ಚಿತ್ತಾರ ಯಾವುದರಲ್ಲಿ ಮೂಡಿದೆ ಎಂಬುದನ್ನು. ಫೆಲ್ಟನ್ನು ನೇಯುವುದಿಲ್ಲ, ಉಣ್ಣೆಯನ್ನು ನೀರು ಹಾಕಿ ಉರುಳಿಸಿ ಒತ್ತಿ ಮಾಡುತ್ತಾರೆ. ಅದರಲ್ಲಿ ಹಾಸು ಹೊಕ್ಕು ಇಲ್ಲ, ಹಾಗಾಗಿ ಚಾಕು ಯಾವ ಕಡೆ ಬೇಕಾದರೂ ತಿರುಗುತ್ತದೆ, ಕೊಂಬು ದುಂಡಗೆ ಸುತ್ತಿಕೊಳ್ಳುತ್ತದೆ. ಅದೇ ಕೊಂಬನ್ನು ಯುರ್ತಾ ಗುಡಾರದ ಒಳಸುತ್ತಿಗೆ ಕಟ್ಟುವ ಬಾಸ್‌ಕುರ್ ಪಟ್ಟಿಯಲ್ಲಿ ನೋಡಿ, ಅಥವಾ ಕಿರಿದಾದ ಪಟ್ಟಿಗಳನ್ನು ನೇಯ್ದು ಅಕ್ಕಪಕ್ಕ ಹೊಲಿದು ಮಾಡುವ ಅಲಾಶಾ ಜಮಖಾನದಲ್ಲಿ ನೋಡಿ. ಎಳೆಗಳ ಲೆಕ್ಕಕ್ಕೆ ಒಗ್ಗಿ ಅದು ಮೆಟ್ಟಿಲು ಮೆಟ್ಟಿಲಾದ ಕೊಕ್ಕೆಯಾಗಿರುತ್ತದೆ. ಫೆಲ್ಟಿನ ಕೊಂಬನ್ನು ಹಾಗೇ ಎತ್ತಿ ನೇಯ್ಗೆಗೋ ಕಸೂತಿಗೋ ಹಾಕಿದಾಗ ಅದು ಅಳ್ಳಕವಾಗಿ ಕಾಣುವುದು ಇದೇ ಕಾರಣಕ್ಕೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಕೆಳಗಿನ ಉತ್ತರಗಳಲ್ಲಿ, ಇವತ್ತಿನ ಕಲಾವಿದರ ಬಗೆಗಿನ ಉತ್ತರದಲ್ಲೂ, ಇದೇ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ತೆಕೆಮೆತ್, ಸಿರ್ಮಾಕ್, ತುಸ್‌ಕೀಜ್ ಎಂಬ ಹೆಸರುಗಳು ಬರುತ್ತವೆ. ಫೋಟೊ ನೋಡಿ ಗುರುತಿಸುವುದು ಹೇಗೆ?

ಚಿತ್ತಾರದ ಅಂಚು ನೋಡಿ. ಬಣ್ಣ ಬಣ್ಣಕ್ಕೆ ಬೆರೆತು ಅಂಚು ಮಸುಕಾಗಿದ್ದರೆ, ಹೊಲಿಗೆಯೇ ಕಾಣದಿದ್ದರೆ ಅದು ತೆಕೆಮೆತ್. ಅದರಲ್ಲಿ ಬಣ್ಣದ ಉಣ್ಣೆಯನ್ನು ಹಾಸಿನ ಮೇಲೆ ಹರಡಿ, ಹಾಸಿನ ಜೊತೆಯಲ್ಲೇ ಒತ್ತಿ ಕೂಡಿಸಿರುತ್ತಾರೆ. ಅಂಚು ಚಾಕುವಿನಷ್ಟು ಚೂಪಾಗಿದ್ದು, ಅದರ ಗುಂಟ ದಾರದ ಹುರಿ ಓಡಿದ್ದರೆ, ಇಡೀ ಹಾಸಿನ ಮೇಲೆ ಸಾಲು ಹೊಲಿಗೆಯ ಉಬ್ಬುತಗ್ಗು ಕಂಡರೆ ಸಿರ್ಮಾಕ್. ತುಸ್‌ಕೀಜ್ ಗೋಡೆಗೆ ತೂಗುಹಾಕುವಂಥದ್ದು, ಬಹುಪಾಲು ಕಸೂತಿ. ಮೂರು ಬದಿಗೆ ಅಗಲವಾದ ಅಂಚುಪಟ್ಟಿ ಇದ್ದು ಕೆಳಬದಿ ಖಾಲಿ ಬಿಟ್ಟಿದ್ದರೆ ಅನುಮಾನವೇ ಬೇಡ.

ನೆರೆಯ ಕಿರ್ಗಿಸ್ತಾನದ ಕಿರ್ಗಿಜರಲ್ಲೂ ಇವುಗಳಿಗೆ ಹತ್ತಿರದ ಅಲಾ ಕಿಯಿಜ್, ಶಿರ್ದಾಕ್ ಇವೆ. 2012ರಲ್ಲಿ ಯುನೆಸ್ಕೊ ತುರ್ತಾಗಿ ಉಳಿಸಿಕೊಳ್ಳಬೇಕಾದ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಕಿರ್ಗಿಜರ ಆ ಎರಡನ್ನು. ಯುರ್ತಾ ಕಟ್ಟುವ ವಿದ್ಯೆ 2014ರಲ್ಲಿ ಎರಡೂ ದೇಶಗಳ ಹೆಸರಿನಲ್ಲಿ ಒಟ್ಟಿಗೆ ಯುನೆಸ್ಕೊದ ಇನ್ನೊಂದು ಪಟ್ಟಿಗೆ, ಅಂದರೆ ಪ್ರಾತಿನಿಧಿಕ ಪಟ್ಟಿಗೆ, ಸೇರಿತು. ಕಜಕರದ್ದನ್ನೂ ಕಿರ್ಗಿಜರದ್ದನ್ನೂ ಕಲಸಿ ಬರೆಯುವವರು ಬಹಳ ಜನ ಇದ್ದಾರೆ.

ಪ್ರಶ್ನೆ: ಎರಡು ಬಣ್ಣದ ಫೆಲ್ಟ್ ತಂದು ಸಿರ್ಮಾಕ್ ಮಾದರಿಯ ದಿಂಬಿನ ಹೊದಿಕೆ ಮಾಡಲು ಹೊರಟೆ. ಕತ್ತರಿಸಿದ ತುಂಡುಗಳು ಒಂದರೊಳಗೊಂದು ಸರಿಯಾಗಿ ಕೂರಲಿಲ್ಲ, ಹೊಲಿದ ಮೇಲೆ ನಡುಭಾಗ ಗುಳ್ಳೆ ಎದ್ದಿತು. ಎಲ್ಲಿ ತಪ್ಪಾಗಿರಬಹುದು?

ಎರಡು ಬಣ್ಣವನ್ನು ಬೇರೆ ಬೇರೆಯಾಗಿ ಕತ್ತರಿಸಿದ್ದೀರಿ ಅನ್ನಿಸುತ್ತದೆ. ಸಿರ್ಮಾಕಿನ ಗುಟ್ಟೇ ಎರಡನ್ನೂ ಒಂದರ ಮೇಲೊಂದಿಟ್ಟು ಒಂದೇ ಸಲಕ್ಕೆ ಕತ್ತರಿಸುವುದು. ಬಿಳಿಯಿಂದ ಬಿದ್ದ ಕೊಂಬು ಕೆಂಪಿನ ತೂತಿಗೆ, ಕೆಂಪಿನಿಂದ ಬಿದ್ದದ್ದು ಬಿಳಿಯ ತೂತಿಗೆ. ಒಂದು ಸಲ ಕತ್ತರಿಸಿದರೆ ಎರಡು ಹಾಸು, ಚೂರೂ ವ್ಯರ್ಥವಿಲ್ಲ. ಹೀಗಾಗಿಯೇ ಸಿರ್ಮಾಕಿನಲ್ಲಿ ಚಿತ್ತಾರ ಯಾವುದು, ಹಿನ್ನೆಲೆ ಯಾವುದು ಎಂದು ಹೇಳಲು ಬರುವುದಿಲ್ಲ. ಕೊಂಬಿನ ಅಗಲ ಎಷ್ಟೋ ಕೊಂಬುಗಳ ನಡುವಿನ ಜಾಗವೂ ಅಷ್ಟೇ.

45 ಸೆಂ.ಮೀ. ಚೌಕದ ಎರಡು ಹೊದಿಕೆಗೆ ಬೇಕಾದದ್ದು: 4–5 ಮಿ.ಮೀ. ದಪ್ಪದ ಉಣ್ಣೆಯ ಫೆಲ್ಟ್ ಬಣ್ಣಕ್ಕೊಂದರಂತೆ ಎರಡು, ಬೆನ್ನಿಗೆ ತೆಳು ಫೆಲ್ಟ್ ಅಥವಾ ದಪ್ಪ ಹತ್ತಿ ಬಟ್ಟೆ ಎರಡು, ಹುರಿಗೆ ಮೂರನೆಯ ಬಣ್ಣದ ಉಣ್ಣೆ ನೂಲು, ಮೇಣ ಸವರಿದ ಗಟ್ಟಿ ದಾರ, ದೊಡ್ಡ ಕಣ್ಣಿನ ಸೂಜಿ, ಬೆರಳುಟೋಪಿ, ಬ್ಲೇಡು ಬದಲಿಸಬಹುದಾದ ಚಾಕು, ಒಂದು ಮರದ ಹಲಗೆ. ಅಕ್ರಿಲಿಕ್ ಫೆಲ್ಟ್ ಬೇಡ. ಕತ್ತರಿಸಿದ ಅಂಚು ನಾರು ನಾರಾಗಿ ಬಿಚ್ಚಿಕೊಳ್ಳುತ್ತದೆ, ಹಬೆ ಕೊಟ್ಟರೂ ಕೂಡಿಕೊಳ್ಳುವುದಿಲ್ಲ.

ಮೊದಲು ಎರಡೂ ಫೆಲ್ಟನ್ನು ಬೆಚ್ಚಗಿನ ನೀರಲ್ಲಿ ಅದ್ದಿ, ಹಿಂಡದೆ, ಮಟ್ಟಸವಾಗಿ ಹರಡಿ ಒಣಗಿಸಿ. ಬಣ್ಣ ಹಾಕುವುದಿದ್ದರೂ ಈಗಲೇ ಹಾಕಿ ಮುಗಿಸಿ. ನಿಮ್ಮ ಗುಳ್ಳೆಗೆ ಒಂದು ಕಾರಣ ಇಲ್ಲಿರಬಹುದು: ಒಂದು ತುಂಡು ಇನ್ನೊಂದಕ್ಕಿಂತ ಹೆಚ್ಚು ಕುಗ್ಗುವಂಥದ್ದಾದರೆ, ಜೋಡಿಸಿ ಹಬೆ ಕೊಟ್ಟ ತಕ್ಷಣ ಅದು ಪಕ್ಕದ್ದನ್ನು ಎಳೆಯುತ್ತದೆ. ದಪ್ಪವೂ ಗಟ್ಟಿತನವೂ ಎರಡಕ್ಕೂ ಒಂದೇ ಇರಬೇಕು.

ಕಾಗದವನ್ನು ನಾಲ್ಕಾಗಿ ಮಡಚಿ ಕಾಲುಭಾಗ ಮಾತ್ರ ಬರೆಯಿರಿ. ಕೊಂಬಿನ ಅತಿ ಸಣ್ಣ ಜಾಗವೂ 2.5 ಸೆಂ.ಮೀ.ಗಿಂತ ಕಿರಿದಾಗದಿರಲಿ. ಎರಡೂ ಅಂಚಿನ ಹುರಿ ಒಂದೊಂದು ಕಡೆ ಜಾಗ ತಿನ್ನುತ್ತದೆ. ಒಂದೂವರೆ ಸೆಂಟಿಮೀಟರಿನ ಕುತ್ತಿಗೆ ಬರೆದರೆ ಕೊನೆಗೆ ಹುರಿಯಷ್ಟೇ ಉಳಿದು ಬಣ್ಣ ಮಾಯವಾಗುತ್ತದೆ. ಸೂಜಿ ಎರಡೂ ಬದಿಯಿಂದ ಹೊಕ್ಕಾಗ ಅಲ್ಲೇ ಹರಿಯುವುದೂ ಉಂಟು. ಸುರುಳಿಯ ತುದಿಯನ್ನು ಮೊನಚು ಮಾಡದೆ ದುಂಡಗೆ ಬಿಡಿ.

ಎರಡು ಫೆಲ್ಟನ್ನೂ ಒಂದರ ಮೇಲೊಂದಿಟ್ಟು 4–5 ಸೆಂ.ಮೀ. ಉದ್ದದ ಕಚ್ಚಾ ಹೊಲಿಗೆಯಿಂದ ಹಿಡಿಸಿ. ಗುಂಡುಸೂಜಿ ಸಾಲದು, ಫೆಲ್ಟ್ ಜಾರುತ್ತದೆ. ಮೇಲೆ ಸೀಮೆಸುಣ್ಣದಿಂದ ಚಿತ್ತಾರ ಎಳೆದು, ನಡುವಿನಿಂದ ಹೊರಕ್ಕೆ ಕತ್ತರಿಸುತ್ತ ಬನ್ನಿ. ಚಾಕು ನೆಟ್ಟಗಿರಬೇಕು. ಎರಡು ಪದರ ಸೇರಿ 10 ಮಿ.ಮೀ. ದಪ್ಪ, ಚಾಕು 10 ಡಿಗ್ರಿ ವಾಲಿದರೂ ಮೇಲ್ಮುಖಕ್ಕೂ ಕೆಳಮುಖಕ್ಕೂ ಹತ್ತಿರ ಹತ್ತಿರ 2 ಮಿ.ಮೀ. ವ್ಯತ್ಯಾಸ ಬೀಳುತ್ತದೆ. ಒಂದು ಹಾಸಿನಲ್ಲಿ ಬಿರುಕು, ಇನ್ನೊಂದರಲ್ಲಿ ಬಿಗಿತ ಬರುವುದು ಇದರಿಂದಲೇ. ತಿರುವಿನಲ್ಲಿ ಕೈ ತಿರುಗಿಸಬೇಡಿ, ಹಲಗೆಯನ್ನೇ ತಿರುಗಿಸಿ. ಬ್ಲೇಡು ಎಳೆಯತೊಡಗಿದ ಕೂಡಲೇ ಬದಲಿಸಿ. ಬಿದ್ದ ತುಂಡುಗಳ ಹಿಂಬದಿಗೆ ಆಗಲೇ ನಂಬರು ಬರೆದಿಡಿ. ನಾಲ್ಕು ಕೊಂಬು ನೋಡಲು ಒಂದೇ ಥರ ಇದ್ದರೂ ಅದಲುಬದಲಾದರೆ ಕೂರುವುದಿಲ್ಲ.

ಜೋಡಿಸುವಾಗ ಹಿಂಬದಿಯಿಂದ, ಅಂಚಿಗೆ ಅಂಚು ತಾಗಿಸಿ, 5 ಮಿ.ಮೀ.ಗೊಂದು ಹೊಲಿಗೆ. ಸೂಜಿ ಫೆಲ್ಟಿನ ಅರ್ಧ ದಪ್ಪದವರೆಗೆ ಮಾತ್ರ ಹೋಗಲಿ. ಅಂಚು ಅಂಚನ್ನು ಮುಟ್ಟಿದರೆ ಸಾಕು, ಬಿಗಿಯಬೇಡಿ. ಒಂದರ ಮೇಲೊಂದು ಏರಿದರೆ ಏಣು ಬೀಳುತ್ತದೆ. ಆಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆಯ ಹಬೆ ಕೊಟ್ಟು ಮಟ್ಟ ಮಾಡಿ.

ಹುರಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಸಿರ್ಮಾಕಿನ ಹುರಿಯನ್ನು ಹತ್ತಿರದಿಂದ ನೋಡಿದರೆ ಹೆಣೆದ ಜಡೆಯಂತೆ ಕಾಣುತ್ತದೆ. ಅದು ಜಡೆಯಲ್ಲ, ಅಕ್ಕಪಕ್ಕ ಮಲಗಿಸಿದ ಎರಡು ಹುರಿ. ಒಂದನ್ನು ಬಲಕ್ಕೆ ಹೊಸೆದಿರುತ್ತಾರೆ, ಇನ್ನೊಂದನ್ನು ಎಡಕ್ಕೆ. ಎರಡರ ಓರೆಗೆರೆಗಳು ನಡುವೆ ಕೂಡಿ ಬಾಣದ ಮೊನೆಯ ಸಾಲಾಗುತ್ತವೆ. ಎರಡನ್ನೂ ಒಂದೇ ಕಡೆಗೆ ಹೊಸೆದರೆ ಬರೀ ಓರೆಗೆರೆ ಉಳಿಯುತ್ತದೆ, ಜೊತೆಗೆ ಹೊಲಿದ ಅಂಚು ಒಂದೇ ದಿಕ್ಕಿಗೆ ತಿರುಚಿಕೊಳ್ಳುತ್ತದೆ. ನೂಲು ಮಡಚಿ ಹೊಸೆಯುವುದರಿಂದ ಬೇಕಾದ ಉದ್ದದ ಎರಡೂವರೆ ಪಟ್ಟು ತೆಗೆದುಕೊಳ್ಳಿ. ಎಷ್ಟು ಉದ್ದ ಬೇಕೆಂದು ತಿಳಿಯಲು ಚಿತ್ತಾರದ ಗೆರೆಯ ಗುಂಟ ದಾರ ಇಟ್ಟು ಅಳೆದುಬಿಡಿ, ಅಂದಾಜು ಬೇಡ. ಈ ಜೋಡಿ ಹುರಿ 3 ಮಿ.ಮೀ.ವರೆಗಿನ ಬಿರುಕನ್ನು ಸಲೀಸಾಗಿ ಮುಚ್ಚುತ್ತದೆ. ನಿಮ್ಮ ಮೊದಲ ಹೊದಿಕೆಯನ್ನು ಎಸೆಯಬೇಡಿ, ಹುರಿ ಹಾಕಿ ನೋಡಿ.

ಕೊನೆಗೆ ಬೆನ್ನಿನ ಬಟ್ಟೆ ಸೇರಿಸಿ, ಕೊಂಬಿನ ಆಕಾರವನ್ನೇ ಹಿಂಬಾಲಿಸುತ್ತ ಒಂದೊಂದು ಸೆಂಟಿಮೀಟರ್ ಬಿಟ್ಟು ಸಾಲು ಹೊಲಿಗೆ. ಇದನ್ನೂ ನಡುವಿನಿಂದಲೇ ಶುರು ಮಾಡಿ. ಅಂಚಿನಿಂದ ಒಳಕ್ಕೆ ಹೊಲಿಯುತ್ತ ಬಂದರೆ ಮಿಕ್ಕ ಫೆಲ್ಟೆಲ್ಲ ನಡುವಿಗೆ ತಳ್ಳಿಕೊಂಡು ಬರುತ್ತದೆ. ನಿಮ್ಮ ಗುಳ್ಳೆಗೆ ಎರಡನೆಯ ಕಾರಣ ಇದು. ಈ ಹೊಲಿಗೆ ಅಂದಕ್ಕೆ ಮಾತ್ರವಲ್ಲ. ನೆಲದ ಮೇಲೆ ಜನ ಕೂತು ಎದ್ದು ಓಡಾಡುವ ಹಾಸು ಪದರ ಬಿಡದೆ ಬಹುಕಾಲ ಬಾಳುವುದು ಇದರಿಂದಲೇ.

ಪ್ರಶ್ನೆ: ಮನೆಯಲ್ಲೇ ಉಣ್ಣೆಯಿಂದ ತೆಕೆಮೆತ್ ಮಾಡಬಹುದೇ? ನಾನು ಮಾಡಿದಾಗ ಚಿತ್ತಾರ ಹರಿದಾಡಿ ಕಲಸಿಹೋಯಿತು.

ಮಾಡಬಹುದು. ಉಣ್ಣೆ ಯಾವುದು ಎಂಬುದೇ ಮೊದಲ ಮಾತು. ಕಜಕರು ಫೆಲ್ಟಿಗೆ ಇಟ್ಟುಕೊಳ್ಳುವುದು ಶರತ್ಕಾಲದಲ್ಲಿ ಕತ್ತರಿಸಿದ ಉಣ್ಣೆ. ವಸಂತದ ಉದ್ದ ಉಣ್ಣೆ ನೂಲಿಗೆ ಹೋಗುತ್ತದೆ. ಚರ್ಮ ಹಾಸಿ, ಅದರ ಮೇಲೆ ಉಣ್ಣೆಯನ್ನು ಕೋಲಿನಿಂದ ಬಡಿದು ಬಿಡಿಸಿ, ಶಿ ಎಂಬ ಹುಲ್ಲುಕಡ್ಡಿಯ ಚಾಪೆಯ ಮೇಲೆ ಹರಡಿ, ಬಿಸಿನೀರು ಚಿಮುಕಿಸಿ, ಚಾಪೆ ಸಮೇತ ಸುತ್ತಿ ಕಟ್ಟಿ ಉರುಳಿಸುತ್ತಾರೆ. ಆಮೇಲೆ ಬಿಚ್ಚಿ, ಹೆಂಗಸರು ಸಾಲಾಗಿ ಮಂಡಿಯೂರಿ ಕೂತು ಮುಂಗೈಯಿಂದ ಒತ್ತಿ ಉರುಳಿಸುತ್ತಾರೆ. ಒಂದು ದೊಡ್ಡ ಹಾಸು ಒಬ್ಬರ ಕೆಲಸವಲ್ಲ.

40 ಸೆಂ.ಮೀ. ಚೌಕ ಬೇಕೆಂದರೆ 60 ಸೆಂ.ಮೀ. ಚೌಕ ಹರಡಿ, ಮೂರರಲ್ಲಿ ಒಂದು ಪಾಲು ಕುಗ್ಗುತ್ತದೆ. ತಳಕ್ಕೆ 250–300 ಗ್ರಾಂ ಬಾಚಿದ ಒರಟು ಉಣ್ಣೆ, ನಾಲ್ಕು ಪದರ, ಒಂದು ಅಡ್ಡ ಒಂದು ಉದ್ದ. ಚಿತ್ತಾರಕ್ಕೆ 50–60 ಗ್ರಾಂ ಬಣ್ಣದ ಉಣ್ಣೆ. ನೀರು 50–60 ಡಿಗ್ರಿ ಬಿಸಿ ಇರಲಿ, ಚೂರು ಸೋಪು ಕರಗಿಸಿಕೊಳ್ಳಿ. ಉರುಳಿಸಲು ಬಿದಿರುಕಡ್ಡಿಯ ಚಾಪೆ ಸಾಕು.

ನಿಮ್ಮ ಚಿತ್ತಾರ ಹರಿದಾಡಿದ್ದಕ್ಕೆ ಮೂರು ಕಾರಣಗಳಲ್ಲಿ ಒಂದಿರಬೇಕು. ನೀರು ಹೆಚ್ಚಾಗಿ ಬಣ್ಣದ ಉಣ್ಣೆ ತೇಲಿರಬಹುದು: ಒತ್ತಿದರೆ ನೀರು ಒಸರಬೇಕು, ಹರಿಯಬಾರದು. ತಳ ಪೂರ್ತಿ ಬಿಗಿಯಾದ ಮೇಲೆ ಚಿತ್ತಾರ ಇಟ್ಟಿರಬಹುದು: ಆಗ ಎಳೆಗೆ ಎಳೆ ಕಚ್ಚುವುದಿಲ್ಲ, ಸಿಪ್ಪೆಯಂತೆ ಎದ್ದುಬರುತ್ತದೆ. ತಳ ಅರ್ಧ ಕೂಡಿರುವಾಗ, ಅಂದರೆ ಎತ್ತಿದರೆ ಹರಿಯದ ಆದರೆ ಚಿವುಟಿದರೆ ಎಳೆ ಕೈಗೆ ಬರುವ ಹಂತದಲ್ಲಿ, ಚಿತ್ತಾರ ಇಡಬೇಕು. ಮೂರನೆಯದು, ಚಿತ್ತಾರಕ್ಕೆ ಮೆರಿನೊದಂತಹ ನಯ ಉಣ್ಣೆ, ತಳಕ್ಕೆ ಒರಟು ಉಣ್ಣೆ ಹಾಕಿರಬಹುದು. ಎರಡರ ಕುಗ್ಗುವ ವೇಗ ಬೇರೆ ಬೇರೆ.

ಪ್ರತಿ ನೂರು ಉರುಳಿಗೊಮ್ಮೆ ಬಿಚ್ಚಿ ಕಾಲು ಸುತ್ತು ತಿರುಗಿಸಿ. ಒಂದೇ ಕಡೆ ಉರುಳಿಸಿದರೆ ಆ ದಿಕ್ಕಿಗಷ್ಟೇ ಕುಗ್ಗಿ ಚೌಕ ಹೋಗಿ ಆಯತವಾಗುತ್ತದೆ, ಕೊಂಬೂ ಜಜ್ಜಿದಂತಾಗುತ್ತದೆ. ಗೆರೆ ಖಚಿತವಾಗಿ ಬರಲೇಬೇಕೆಂದಿದ್ದರೆ ಬಣ್ಣದ ಉಣ್ಣೆಯನ್ನೂ ಅರ್ಧ ಒತ್ತಿಕೊಂಡು ಕತ್ತರಿಸಿ ಇಡಿ. ಆದರೂ ತೆಕೆಮೆತ್‌ನ ಅಂಚು ಸ್ವಲ್ಪ ಮಸುಕಾಗಿಯೇ ಇರುತ್ತದೆ. ಅದನ್ನು ದೋಷವೆಂದು ತಿದ್ದಲು ಹೋಗಬೇಡಿ, ಅದರ ಚೆಲುವಿರುವುದೇ ಅಲ್ಲಿ.

ಪ್ರಶ್ನೆ: ಮಂಜಿಷ್ಠದ ಬೇರಿನಿಂದ ಉಣ್ಣೆಗೆ ಕೆಂಪು ಹಾಕಲು ಹೋದರೆ ಇಟ್ಟಿಗೆಯಂಥ ಕಂದು ಬಂತು.

ಕುದಿಸಿದ್ದೀರಿ. 70 ಡಿಗ್ರಿ ದಾಟಿದರೆ ಬೇರಿನ ಕಂದು, ಹಳದಿ ಬಣ್ಣಗಳೂ ಬಿಟ್ಟುಕೊಂಡು ಕೆಂಪನ್ನು ಮುಚ್ಚುತ್ತವೆ. 100 ಗ್ರಾಂ ಒಣ ಉಣ್ಣೆಗೆ 10–15 ಗ್ರಾಂ ಪಟಿಕ ಹಾಕಿ ಮೊದಲು ಒಂದು ಗಂಟೆ ಕಾಯಿಸಿ. ಆಮೇಲೆ ಉಣ್ಣೆಯ ತೂಕದಷ್ಟೇ ಬೇರಿನ ಪುಡಿಯಲ್ಲಿ 60–65 ಡಿಗ್ರಿಯಲ್ಲಿ ಇನ್ನೊಂದು ಗಂಟೆ ಬಿಟ್ಟು, ಅದೇ ನೀರಲ್ಲಿ ಆರಲು ಬಿಡಿ. ಬಿಸಿ ಉಣ್ಣೆಯನ್ನು ತಣ್ಣೀರಿಗೆ ಹಾಕಬಾರದು, ಅಲ್ಲೇ ಗಂಟುಕಟ್ಟುತ್ತದೆ. ಪಟಿಕವನ್ನು ಕಜಕರೂ ಬಣ್ಣ ಕಚ್ಚಿಸಲು ಬಳಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅನಿಲಿನ್ ಎಂಬ ರಾಸಾಯನಿಕ ಬಣ್ಣಗಳು ಬಂದವು. ಹಾಗಾಗಿ ಹಳೆಯ ಹಾಸಿನ ಕಡು ಕೆಂಪೆಲ್ಲ ಗಿಡದ್ದೇ ಎಂದುಕೊಳ್ಳಬೇಡಿ.

ಪ್ರಶ್ನೆ: ತುಸ್‌ಕೀಜ್‌ನ ಕಸೂತಿ ನಮ್ಮ ಆರಿ ವರ್ಕ್ ಥರವೇ ಕಾಣುತ್ತದೆ. ಎರಡೂ ಒಂದೇನಾ? ಕೆಳಗಿನ ಅಂಚು ಯಾಕೆ ಖಾಲಿ?

ಹೊಲಿಗೆಯ ಬಗೆ ಒಂದೇ: ಚೌಕಟ್ಟಿಗೆ ಬಿಗಿದ ಬಟ್ಟೆ, ಕೊಕ್ಕೆಯಿರುವ ದಬ್ಬಳದಂಥ ಸೂಜಿ, ಸರಪಳಿ ಹೊಲಿಗೆ. ಕಜಕರಲ್ಲಿ ಇದಕ್ಕೆ ಬಿಜ್ ಕೆಸ್ತೆ ಎಂದು ಹೆಸರು. ದಾರ ಬಟ್ಟೆಯ ಕೆಳಗಿರುತ್ತದೆ. ಕೊಕ್ಕೆ ಮೇಲಿನಿಂದ ಇಳಿದು, ದಾರವನ್ನು ಕುಣಿಕೆಯಾಗಿ ಮೇಲೆತ್ತಿ, ಹಿಂದಿನ ಕುಣಿಕೆಯೊಳಗಿಂದಲೇ ಮುಂದಿನದಕ್ಕೆ ಹೋಗುತ್ತದೆ. ಆರಿ ಬಲ್ಲವರಿಗೆ ಇದನ್ನು ಹೊಸದಾಗಿ ಕಲಿಸಬೇಕಿಲ್ಲ. ವ್ಯತ್ಯಾಸ ಇರುವುದು ತುಂಬುವ ರೀತಿಯಲ್ಲಿ. ತುಸ್‌ಕೀಜ್‌ನಲ್ಲಿ ಸರಪಳಿಯ ಸಾಲುಗಳು ಆಕಾರದ ಹೊರಗೆರೆಯಿಂದ ಒಳಕ್ಕೆ ಸುತ್ತಿ ಸುತ್ತಿ ಬರುತ್ತವೆ, ಹಾಗಾಗಿ ಸುರುಳಿಗೆ ತಿರುಗುವ ಓಟವೊಂದು ಬರುತ್ತದೆ. ಅಡ್ಡ ಸಾಲಿನಲ್ಲಿ ತುಂಬಿದರೆ ಆ ಓಟ ಸತ್ತುಹೋಗುತ್ತದೆ. ಬಟ್ಟೆ ತಮಟೆಯಷ್ಟು ಬಿಗಿ ಇಲ್ಲದಿದ್ದರೆ ಕೊಕ್ಕೆ ಬಟ್ಟೆಯ ಎಳೆಯನ್ನೂ ಕಚ್ಚಿ ತರುತ್ತದೆ. ಕೊನೆಯ ಕುಣಿಕೆಗೆ ಅಡ್ಡ ಹೊಲಿಗೆ ಹಾಕಿ ಭದ್ರ ಮಾಡದೆ ಬಿಟ್ಟರೆ ಒಂದೇ ಎಳೆತಕ್ಕೆ ಇಡೀ ಸಾಲು ಬಿಚ್ಚಿಕೊಳ್ಳುತ್ತದೆ.

ತುಸ್‌ಕೀಜ್ ತೂಗುವುದು ಮಂಚದ ಪಕ್ಕದ ಗೋಡೆಗೆ. ಕೆಳಭಾಗ ಹಾಸಿಗೆ, ದಿಂಬಿನ ಹಿಂದೆ ಮರೆಯಾಗುತ್ತದೆ. ಆದ್ದರಿಂದ ಅಂಚುಪಟ್ಟಿ ಮೂರೇ ಬದಿಗೆ. ಮಂಗೋಲಿಯಾದ ಬಯಾನ್ ಓಲ್ಗಿ ಪ್ರಾಂತದ ಕಜಕರ ತುಸ್‌ಕೀಜ್‌ಗಳಲ್ಲಿ ಹೊಲಿದವರ ಹೆಸರು, ಇಸವಿ ಕಸೂತಿಯಲ್ಲೇ ಇರುವುದುಂಟು. ಕಾಲ ಗುರುತಿಸುವವರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಪ್ರಶ್ನೆ: ಹುಲ್ಲುಕಡ್ಡಿಯ ಪರದೆಯ ಮೇಲೆ ಚಿತ್ತಾರ ಹೇಗೆ ಬರುತ್ತದೆ? ಬಣ್ಣ ಬಳಿಯುತ್ತಾರೆಯೇ?

ಬಳಿಯುವುದಿಲ್ಲ. ಒಂದೊಂದು ಕಡ್ಡಿಗೂ ಬಣ್ಣದ ಉಣ್ಣೆಯನ್ನು ಸುತ್ತುತ್ತಾರೆ: ಇಷ್ಟು ಉದ್ದ ಕೆಂಪು, ಇಷ್ಟು ನೀಲಿ, ಮತ್ತೆ ಕೆಂಪು. ಒಂದು ಕಡ್ಡಿಯನ್ನು ನೋಡಿದರೆ ಬಣ್ಣದ ತುಣುಕುಗಳಷ್ಟೇ ಕಾಣುತ್ತವೆ. ನೂರಾರು ಕಡ್ಡಿಗಳನ್ನು ಒತ್ತಾಗಿ ಜೋಡಿಸಿದಾಗ ಚಿತ್ತಾರ ಮೂಡುತ್ತದೆ. ಇದು ಶಿಮ್ ಶಿ. ಅಳತೆ ತಪ್ಪದಿರಲು ಸುತ್ತಿ ಮುಗಿಸಿದ ಕಡ್ಡಿಯ ಪಕ್ಕದಲ್ಲೇ ಹೊಸ ಕಡ್ಡಿಯನ್ನಿಟ್ಟು ಗುರುತು ಹಾಕಿಕೊಳ್ಳುತ್ತಾರೆ. ಒಂದರಲ್ಲಿ ಅರ್ಧ ಸೆಂಟಿಮೀಟರ್ ಜರುಗಿದರೆ ಮುಂದಿನವೆಲ್ಲ ಜರುಗುತ್ತ ಹೋಗುತ್ತವೆ. ಆಮೇಲೆ ಕಡ್ಡಿಗಳನ್ನು ಅಡ್ಡಗಳುವಿನ ಮೇಲಿಟ್ಟು, ಕಲ್ಲು ಕಟ್ಟಿದ ಉಣ್ಣೆದಾರಗಳನ್ನು ಹಿಂದಕ್ಕೂ ಮುಂದಕ್ಕೂ ದಾಟಿಸಿ ಬಿಗಿಯುತ್ತಾರೆ. ಕಜಕ್ ಕುಶಲಕಲೆಗಳಲ್ಲಿ ಇಷ್ಟು ಲೆಕ್ಕ ಬೇಡುವ ಇನ್ನೊಂದು ಕೆಲಸ ಕಾಣುವುದು ಕಷ್ಟ. ಇದರ ಬಗ್ಗೆ ಬರೆಯುವವರು ತೀರ ಕಡಿಮೆ ಎಂಬುದು ಬೇಸರದ ಸಂಗತಿ.

ಪ್ರಶ್ನೆ: ಇದೆಲ್ಲ ಇವತ್ತಿನ ಕಜಕ್ ಕಲಾವಿದರ ಕೈಯಲ್ಲಿ ಏನಾಗಿದೆ? ಕ್ಯಾನ್‌ವಾಸಿನ ಮೇಲೆ ಕೊಂಬಿನ ಚಿತ್ತಾರ ಬರೆದರೆ ಅದು ಸಮಕಾಲೀನ ಕಲೆಯೇ?

ಬರೀ ಅಷ್ಟರಿಂದ ಆಗುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಕೊಂಬಿನ ಆಕಾರವನ್ನು ಎತ್ತಿಕೊಂಡವರಿಗಿಂತ ಅದನ್ನು ಹುಟ್ಟಿಸಿದ ಕೆಲಸದ ರೀತಿಯನ್ನು, ಅಂದರೆ ಕತ್ತರಿಸಿ ಕೂಡಿಸುವುದನ್ನು, ಒತ್ತುವುದನ್ನು, ತೇಪೆ ಹಾಕುವುದನ್ನು ಎತ್ತಿಕೊಂಡವರ ಕೃತಿಗಳಿಗೇ ಹೆಚ್ಚು ಜೀವವಿದೆ.

ಸ್ವಲ್ಪ ಹಿಂದಿನಿಂದ ನೋಡೋಣ. ಸೋವಿಯತ್ ಕಾಲದ ಚಿತ್ರಕಾರರಲ್ಲಿ ಐಶಾ ಗಲಿಂಬಯೇವಾ (1917–2008), ಗುಲ್‌ಫೈರುಸ್ ಇಸ್ಮಾಯಿಲೋವಾ (1929–2013) ಇಬ್ಬರೂ ಉಡುಗೆ, ಹಾಸು, ಆಭರಣಗಳನ್ನು ಬಹಳ ಪ್ರೀತಿಯಿಂದ ಬರೆದರು. ಇಬ್ಬರೂ ಸಿನಿಮಾಕ್ಕೂ ಕೆಲಸ ಮಾಡಿದವರು. ಅವರ ಚಿತ್ರಗಳಲ್ಲಿ ಚಿತ್ತಾರ ನೋಡುವ ವಸ್ತುವಾಗಿ ಬರುತ್ತದೆ. ಚಿತ್ತಾರವು ಕೆಲಸದ ರೀತಿಯಾಗಿ ಒಳಬಂದದ್ದು ನೇಯ್ದ ಚಿತ್ರಪಟಗಳ ಮೂಲಕ. 1960ರ ದಶಕದ ಕೊನೆಯಿಂದ ಕುರಾಸ್‌ಬೆಕ್ ತಿನಿಬೆಕೋವ್, ಬಾತಿಮಾ ಜೌರ್‌ಬೆಕೋವಾ ಮಗ್ಗದ ಕೆಲಸವನ್ನು ದೊಡ್ಡ ಗೋಡೆಪಟಗಳಿಗೆ ಒಗ್ಗಿಸಿದರು. ಮುಂದೆ ಅಲಿಬಾಯ್ ಬಪಾನೋವ್, ಸೌಲೆ ಬಪಾನೋವಾ ದಂಪತಿ ನೇಯ್ಗೆಯ ಜೊತೆ ಫೆಲ್ಟನ್ನೂ ಕಲಾಕೃತಿಯ ಮಾಧ್ಯಮವಾಗಿ ಬಳಸಿದರು. ಅಲ್ಲಿಂದ ಫೆಲ್ಟ್ ನೆಲ ಬಿಟ್ಟು ಗ್ಯಾಲರಿಯ ಗೋಡೆ ಏರಿತು.

ಅಲ್ಮಾಟಿಯ ತ್ಸೆಲಿನ್ನಿ ಚಿತ್ರಮಂದಿರದ ಒಳಗೋಡೆಯ ಮೇಲೆ 1964ರಲ್ಲಿ ಯೆವ್ಗೆನಿ ಸಿದೋರ್ಕಿನ್ ಮಾಡಿದ ಸ್ಗ್ರಾಫಿತೊ ಇನ್ನೊಂದು ಉದಾಹರಣೆ. ಒಂದು ಬಣ್ಣದ ಗಾರೆಯ ಮೇಲೆ ಇನ್ನೊಂದು ಬಣ್ಣದ ಗಾರೆ ಹಚ್ಚಿ, ಮೇಲಿನದನ್ನು ಕೆರೆದು ಒಳಗಿನದನ್ನು ತೋರಿಸುವ ವಿಧಾನ ಅದು. ಎರಡೇ ಬಣ್ಣ, ಕತ್ತರಿಸಿದಂಥ ಅಂಚು. ಅದನ್ನು ನೋಡುತ್ತ ಸಿರ್ಮಾಕ್ ನೆನಪಾಗದಿರುವುದು ಕಷ್ಟ. ನಾಶವಾಯಿತೆಂದೇ ಎಲ್ಲರೂ ನಂಬಿದ್ದ ಆ ಗೋಡೆ 2018ರಲ್ಲಿ ಹಲಗೆಗಳ ಹಿಂದೆ ಸಿಕ್ಕಿತು. ಆ ಕಟ್ಟಡವೇ ಈಗ ಸಮಕಾಲೀನ ಸಂಸ್ಕೃತಿಯ ಕೇಂದ್ರ.

ಸೋವಿಯತ್ ಒಕ್ಕೂಟ ಒಡೆಯುವ ಹೊತ್ತಿಗೆ ಕಜಕಸ್ತಾನದ ಶಿಮ್‌ಕೆಂಟ್ ನಗರದಲ್ಲಿ ಹುಟ್ಟಿಕೊಂಡ 'ಕಿಜಿಲ್ ಟ್ರಾಕ್ಟರ್' ಎಂಬ ಕಲಾವಿದರ ಗುಂಪಿನಲ್ಲಿ ಮೊಲ್ದಾಕುಲ್ ನರಿಂಬೆತೋವ್, ಸೈದ್ ಅತಾಬೆಕೋವ್ ಮುಂತಾದವರಿದ್ದರು. ಫೆಲ್ಟ್, ಮರ, ಹಗ್ಗದಂಥವುಗಳನ್ನು ಅವರು ಪ್ರದರ್ಶನ ಕಲೆಗೂ, ವಸ್ತುಗಳನ್ನು ಜಾಗದಲ್ಲಿ ಜೋಡಿಸಿಡುವ ಇನ್‌ಸ್ಟಲೇಶನ್ ಕಲೆಗೂ ತಂದರು. ಅಲ್ಲಿ ಫೆಲ್ಟ್ ಅಂದದ ವಸ್ತುವಲ್ಲ, ಮೈಮೇಲೆ ಹೊರುವ ಭಾರ.

1984ರಲ್ಲಿ ಸೆಮಿಪಲಾತಿನ್‌ಸ್ಕ್‌ನಲ್ಲಿ (ಈಗಿನ ಸೆಮೆಯ್ ನಗರ) ಹುಟ್ಟಿ ಈಗ ಬರ್ಲಿನ್‌ನಲ್ಲಿರುವ ಗುಲ್ನೂರ್ ಮುಕಜಾನೋವಾ ಅವರ ಫೆಲ್ಟಿನಲ್ಲಿ ಕೊಂಬು ಸಿಗುವುದಿಲ್ಲ. ಬಣ್ಣಗಳು ತೆಕೆಮೆತ್‌ನ ಅಂಚಿನ ಹಾಗೆ ಒಂದರೊಳಗೊಂದು ಇಳಿಯುತ್ತವೆ, ಆದರೆ ಆಕಾರ ಗಟ್ಟಿಯಾಗುವ ಮೊದಲೇ ಕರಗುತ್ತವೆ. ಜರಿ, ಮಖಮಲ್ಲಿನಂಥ ಹೊಳೆಯುವ ಬಟ್ಟೆಗಳನ್ನು ಹೊಲಿಯದೆ ಬರೀ ಗುಂಡುಸೂಜಿಯಿಂದ ಹಿಡಿಸಿದ ಕೃತಿಗಳೂ ಅವರವು ಇವೆ. ಸಿರ್ಮಾಕನ್ನು ತಲೆಮಾರುಗಳ ಕಾಲ ಹಿಡಿದಿಡುವುದು ಹೊಲಿಗೆ. ಅದನ್ನು ತೆಗೆದು ಸೂಜಿ ಇಟ್ಟಾಗ, ಯಾವ ಗಳಿಗೆಯಲ್ಲಾದರೂ ಕಳಚಬಹುದೆಂಬ ಭಾವ ನೋಡುವವರಿಗೆ ಬರುತ್ತದೆ. ಕಸುಬು ಗೊತ್ತಿದ್ದವರಿಗಷ್ಟೇ ಇಂಥದ್ದು ಹೊಳೆಯುತ್ತದೆ.

ಸೌಲೆ ಸುಲೈಮೆನೋವಾ (ಜನನ 1970) ಬಣ್ಣದ ಬದಲು ಬಳಸಿ ಎಸೆದ ಪ್ಲಾಸ್ಟಿಕ್ ಚೀಲಗಳ ತುಂಡುಗಳನ್ನು ಪದರ ಪದರವಾಗಿ ಕೂಡಿಸಿ ಚಿತ್ರ ಮಾಡುತ್ತಾರೆ. 1930ರ ದಶಕದ ಕ್ಷಾಮದಂಥ ನೋವಿನ ನೆನಪುಗಳೂ ಅದರಲ್ಲಿ ಬಂದಿವೆ. ಕಜಕರಲ್ಲಿ ಕುರಾಕ್ ಎಂಬ ತೇಪೆ ಕೆಲಸವಿದೆ. ಅದರ ಹಾಸುಹೊದಿಕೆ ನಮ್ಮ ಕೌದಿಯ ಹಾಗೇ ಇರುತ್ತದೆ. ಬಿಸಾಡುವ ಚೂರನ್ನು ಬಿಸಾಡದೆ ಇನ್ನೊಂದರ ಪಕ್ಕಕ್ಕಿಡುವ ಆ ಬುದ್ಧಿಯೇ ಈ ಚೀಲಗಳಲ್ಲೂ ಕೆಲಸ ಮಾಡಿದೆ ಎಂದು ನಾವು ಓದಿಕೊಳ್ಳುತ್ತೇವೆ. ಸೌಲೆ ದ್ಯುಸೆನ್‌ಬಿನಾ ಅವರದ್ದು ಬೇರೆ ದಾರಿ. ಗೋಡೆಗೆ ಅಂಟಿಸುವ ಕಾಗದದ ಮೇಲೆ ದೂರದಿಂದ ಶಾಸ್ತ್ರೀಯ ಚಿತ್ತಾರ ಕಾಣುತ್ತದೆ, ಹತ್ತಿರ ಹೋದರೆ ಇವತ್ತಿನ ಕಜಕಸ್ತಾನದ ಬದುಕಿನ ಚಿತ್ರಗಳೇ ಅಲ್ಲಿ ಸಾಲುಗಟ್ಟಿರುತ್ತವೆ. ಅಲ್ಮಗುಲ್ ಮೆನ್ಲಿಬಾಯೆವಾ (ಜನನ 1969) ವಿಡಿಯೊ, ಛಾಯಾಚಿತ್ರಗಳಲ್ಲಿ ಹುಲ್ಲುಗಾವಲಿನ ಹೆಂಗಸರನ್ನು ಹಳೆಯ ಬಟ್ಟೆ, ತೊಗಲುಗಳ ಜೊತೆ ನಿಲ್ಲಿಸುತ್ತಾರೆ. ಸೆಮಿಪಲಾತಿನ್‌ಸ್ಕ್‌ನ ಅಣುಪರೀಕ್ಷಾ ನೆಲದ ಬಗ್ಗೆಯೂ ಕೆಲಸ ಮಾಡಿದ್ದಾರೆ.

ನೋಡುವ ಆಸೆಯಿದ್ದರೆ ಅಲ್ಮಾಟಿ ಒಂದೇ ಊರು ಸಾಕು. ಚಿತ್ರಕಾರ ಅಬಿಲ್ಖಾನ್ ಕಸ್ತೇಯೆವ್ ಹೆಸರಿನ ಕಲಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಹಾಸು, ಕಸೂತಿ, ಬೆಳ್ಳಿ ಕೆಲಸಗಳೂ ಸೋವಿಯತ್ ಕಾಲದ ಚಿತ್ರಗಳೂ ಒಂದೇ ಸೂರಿನಡಿ ಇವೆ. 2025ರಲ್ಲಿ ಬಾಗಿಲು ತೆರೆದ ಅಲ್ಮಾಟಿ ಕಲಾ ವಸ್ತುಸಂಗ್ರಹಾಲಯದಲ್ಲಿ ಹೊಸ ಕಲಾವಿದರು ಸಿಗುತ್ತಾರೆ. ಹಳೆಯದನ್ನು ಮೊದಲು ನೋಡಿ.

ಪ್ರಶ್ನೆ: ಕಂಪ್ಯೂಟರಿನಲ್ಲಿ ಕಜಕ್ ಶೈಲಿಯ ಅಂಚು ವಿನ್ಯಾಸ ಮಾಡುತ್ತಿದ್ದೇನೆ. ಏನು ನೋಡಿಕೊಳ್ಳಬೇಕು?

ಬಣ್ಣ ತಿರುಗುಮುರುಗು ಮಾಡಿ ನೋಡಿ. ಕಪ್ಪು ಬಿಳಿಯಾಗಿ ಬಿಳಿ ಕಪ್ಪಾದಾಗಲೂ ಚಿತ್ತಾರ ಅಷ್ಟೇ ಗಟ್ಟಿಯಾಗಿ ನಿಂತರೆ ಸರಿ. ತೆಳ್ಳಗೆ ಬಳ್ಳಿಯಂತಾದರೆ ಹಿನ್ನೆಲೆ ಹೆಚ್ಚಾಗಿದೆ ಎಂದರ್ಥ. ಜಾಗ ತುಂಬಲು ಕೊಂಬನ್ನು ಒಂದೇ ಕಡೆ ಎಳೆದು ಉದ್ದ ಮಾಡಬೇಡಿ, ಗೆರೆಯ ದಪ್ಪ ಎರಡು ಥರ ಆಗುತ್ತದೆ. ಮೂಲೆಯನ್ನು ಮೊದಲು ಬರೆದು ಆಮೇಲೆ ಬದಿ ತುಂಬಿ. 240 ಮಿ.ಮೀ. ಬದಿಗೆ ಎರಡು ಕೊನೆಯಲ್ಲಿ 30ರ ಮೂಲೆಗಳು ಹೋದರೆ 180 ಉಳಿಯುತ್ತದೆ. 30ರ ಆರು ಕೊಂಬು ಸರಿಯಾಗಿ ಕೂರುತ್ತವೆ. ಬದಿಯಿಂದ ಶುರು ಮಾಡಿದವರು ಮೂಲೆಯಲ್ಲಿ ಅರ್ಧ ಕೊಂಬು ಕತ್ತರಿಸಿ ಒದ್ದಾಡುತ್ತಾರೆ. ಯುರ್ತಾದ ನೆತ್ತಿಯ ಚಕ್ರ ಶಾನಿರಾಕ್ ಅಲ್ಲಿನ ರಾಷ್ಟ್ರಲಾಂಛನದಲ್ಲಿದೆ. ಲಾಂಛನ, ಬಾವುಟಗಳ ಬಳಕೆಗೆ ಕಾನೂನಿದೆ, ಅವನ್ನು ಇದ್ದ ಹಾಗೇ ಎತ್ತಿ ಹಾಕಬೇಡಿ.

ಪ್ರಶ್ನೆ: ಉಡುಗೊರೆಯಾಗಿ ಬಂದ ಸಿರ್ಮಾಕಿನಲ್ಲಿ ನುಸಿ ಕಂಡಿದೆ.

ಮೊದಲು ಹೊರಗೆ ತಂದು ಎರಡೂ ಮುಖವನ್ನು ಮೆತ್ತನೆಯ ಬ್ರಶ್ಶಿನಿಂದ ಗುಡಿಸಿ. ಹುರಿಯ ಅಡಿ, ಬೆನ್ನಿನ ಬಟ್ಟೆಯ ಮಡಿಕೆಗಳಲ್ಲೇ ಮೊಟ್ಟೆಗಳಿರುತ್ತವೆ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ತಣ್ಣಗಿನ ಫೆಲ್ಟಿಗೆ ಗಾಳಿ ತಾಗಿದರೆ ನೀರು ಕಟ್ಟಿ ಬಣ್ಣ ಹರಡುತ್ತದೆ. ಒಗೆಯುವ ಯಂತ್ರಕ್ಕೆ ಹಾಕಲೇಬಾರದು: ಎರಡು ಬಣ್ಣದ ಫೆಲ್ಟ್, ಹುರಿ, ಬೆನ್ನು ಒಂದೊಂದೂ ಬೇರೆ ಬೇರೆ ಅಳತೆಗೆ ಕುಗ್ಗುತ್ತವೆ. ಎತ್ತಿಡುವಾಗ ಮಡಚದೆ, 10–15 ಸೆಂ.ಮೀ. ಅಡ್ಡಗಲದ ಕೊಳವೆಗೆ ಹತ್ತಿ ಬಟ್ಟೆ ಸುತ್ತಿ, ಚಿತ್ತಾರ ಹೊರಮುಖವಾಗಿ ಬರುವಂತೆ ಸುರುಳಿ ಸುತ್ತಿಡಿ. ಮೂರು ತಿಂಗಳಿಗೊಮ್ಮೆ ಬಿಚ್ಚಿ ನೋಡಿ.